ಉಂಡ ಮನೆಯ ಜಂತೆ ಎಣಿಸಿದವರು

2024ರ ಜುಲೈ 14ರಂದು ಪಿರೆನೀಸ್ ಪರ್ವತದ ಪ್ಲಾತೊ ದ ಬೇಯ್ ಎಂಬ ಏರನ್ನು ಸ್ಲೊವೇನಿಯಾದ ತಾದೇಯ್ ಪೊಗಾಚಾರ್ ಸುಮಾರು ನಲವತ್ತು ನಿಮಿಷಗಳಲ್ಲಿ ಹತ್ತಿ ಮುಗಿಸಿದ. ಹದಿನಾರು ಕಿಲೊಮೀಟರಿಗೆ ತುಸು ಕಡಿಮೆ ದೂರ, ಪ್ರತಿ ನೂರು ಮೀಟರಿಗೆ ಎಂಟು ಮೀಟರಿನಷ್ಟು ಏರು. ಅಲ್ಲಿಯವರೆಗಿನ ದಾಖಲೆ 1998ರ ಟೂರ್ ದ ಫ್ರಾನ್ಸಿನಲ್ಲಿ ಇಟಲಿಯ ಮಾರ್ಕೊ ಪಂತಾನಿ ಮಾಡಿದ್ದು. ಪೊಗಾಚಾರ್ ಅದನ್ನು ಮೂರು ನಿಮಿಷಕ್ಕೂ ಹೆಚ್ಚು ಅಂತರದಿಂದ ಮುರಿದ. ಪಂತಾನಿ ಆ ವರ್ಷ ಕೊಟ್ಟಿದ್ದ ಮೂತ್ರದಲ್ಲಿ ಈಪಿಒ ಎಂಬ ಉದ್ದೀಪನ ಮದ್ದು ಇತ್ತೆಂದು ಫ್ರಾನ್ಸಿನ ಸೆನೆಟ್ ವರದಿ 2013ರಲ್ಲಿ ಹೇಳಿತು. ಅಷ್ಟರಲ್ಲಿ ಪಂತಾನಿ ಸತ್ತು ಒಂಬತ್ತು ವರ್ಷವಾಗಿತ್ತು.

ಹಾಗಾದರೆ ಮದ್ದು ತೆಗೆದುಕೊಂಡವನಿಗಿಂತ ಮೂರು ನಿಮಿಷ ಬೇಗ ಹೋದವನು ಏನು ತೆಗೆದುಕೊಂಡಿರಬೇಕು? ಪ್ರಶ್ನೆ ಏಳುವುದು ಸಹಜ. ಅದು ಎದ್ದ ಕೂಡಲೇ ನೋಡುಗರು ಎರಡು ಪಾಳೆಯವಾಗುತ್ತಾರೆ. ಗಡಿಯಾರವೇ ಸಾಕ್ಷಿ, ಇವನೂ ಕಳ್ಳ ಎನ್ನುವವರು ಒಂದು ಕಡೆ. ನೂರಾರು ಸಲ ಪರೀಕ್ಷೆ ಮಾಡಿದ್ದಾರೆ, ಒಮ್ಮೆಯೂ ಸಿಕ್ಕಿಬಿದ್ದಿಲ್ಲ, ಪುರಾವೆ ಇಲ್ಲದಿದ್ದರೆ ಬಾಯಿ ಮುಚ್ಚಿ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರ ಮೇಲೂ ನನಗೆ ಸಿಟ್ಟಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಈ ಬರಹದ ಮುಖ್ಯ ಜಗಳ ಎರಡನೆಯವರೊಂದಿಗೆ. ಸಭ್ಯತೆಯ, ಕಾನೂನಿನ, ಕ್ರೀಡಾಮನೋಭಾವದ ಭಾಷೆಯಲ್ಲಿ ಅವರು ಹೇಳುತ್ತಿರುವ ಮಾತು ಈ ಆಟದ ಅತ್ಯಂತ ಹಳೆಯ ಬೆದರಿಕೆ. ಅದನ್ನು ಸಭ್ಯತೆ ಎಂದು ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ.

ವೃತ್ತಿಪರ ಸೈಕಲ್ ಲೋಕದಲ್ಲಿ ಒಳಗಿನ ವಿಷಯ ಹೊರಗೆ ಹೇಳಿದವನನ್ನು ಫ್ರೆಂಚರು ಸೂಪಿನ ಬಟ್ಟಲಿಗೆ ಉಗುಳಿದವನು ಎನ್ನುತ್ತಾರೆ. ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ: ಉಂಡ ಮನೆಯ ಜಂತೆ ಎಣಿಸುವುದು. ಅನ್ನ ಕೊಟ್ಟ ಮನೆಯ ಮಾಡಿಗೆ ಎಷ್ಟು ಜಂತೆ ಇವೆ, ಯಾವುದಕ್ಕೆ ಗೆದ್ದಲು ಹಿಡಿದಿದೆ ಎಂದು ತಲೆಯೆತ್ತಿ ಲೆಕ್ಕ ಹಾಕುವುದು ಕೃತಘ್ನತೆ ಎಂಬುದು ಗಾದೆಯ ದೃಷ್ಟಿ. ನನಗೆ ಮೊದಲಿನಿಂದಲೂ ಈ ಗಾದೆಯ ಮೇಲೆ ಅನುಮಾನ. ಜಂತೆ ಎಣಿಸದ ಮನೆ ಕುಸಿದಾಗ ಸಾಯುವವರು ಒಳಗೆ ಉಣ್ಣುತ್ತಾ ಕೂತವರೇ ಅಲ್ಲವೇ?

ಎಣಿಕೆ ಶುರುವಾಗಿ ನೂರು ವರ್ಷ ದಾಟಿದೆ. 1903ರಲ್ಲಿ ಲೋತೊ ಎಂಬ ಪತ್ರಿಕೆ ತನ್ನ ಪ್ರತಿಗಳನ್ನು ಮಾರಿಕೊಳ್ಳಲು ಟೂರ್ ದ ಫ್ರಾನ್ಸ್ ಅನ್ನು ಹುಟ್ಟುಹಾಕಿತು. ಈ ಓಟ ಹುಟ್ಟಿದ್ದೇ ಸುದ್ದಿಮನೆಯಲ್ಲಿ. 1924ರಲ್ಲಿ ಆಂರಿ ಪೆಲಿಸಿಯೆ ಮತ್ತು ಅವನ ತಮ್ಮ ಫ್ರಾನ್ಸಿಸ್ ಓಟದ ನಡುವೆಯೇ ಮುನಿಸಿಕೊಂಡು ಹೊರಬಂದು, ಕೂತಾಂಸ್ ಊರಿನ ಕಾಫಿ ಅಂಗಡಿಯೊಂದರಲ್ಲಿ ಕೂತು, ಆಲ್ಬೆರ್ ಲೋಂದ್ರ್ ಎಂಬ ಪತ್ರಕರ್ತನ ಮುಂದೆ ತಮ್ಮ ಚೀಲ ಬಿಚ್ಚಿದರು. ಕಣ್ಣಿಗೆ ಕೊಕೇನ್, ವಸಡಿಗೆ ಕ್ಲೋರೋಫಾರ್ಮ್, ಜೊತೆಗೆ ಬಗೆಬಗೆಯ ಗುಳಿಗೆ. ಆ ಪತ್ರಕರ್ತನಿಗೆ ಸೈಕಲ್ ವಿಷಯ ತಿಳಿಯದ್ದರಿಂದ ಕೊಂಚ ಕಾಲೆಳೆದೆವು ಎಂದು ಫ್ರಾನ್ಸಿಸ್ ಎಷ್ಟೋ ಕಾಲದ ಮೇಲೆ ಹೇಳಿದ್ದುಂಟು. ಇರಲಿ. ಆಗಿನ್ನೂ ಅದು ನಿಷಿದ್ಧವೂ ಆಗಿರಲಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೆ ರೋಲಾಂ ಬಾರ್ತ್ ನೆನಪಾಗಬಹುದು. 1957ರ ತನ್ನ ಪುಸ್ತಕದಲ್ಲಿ ಅವನು ಟೂರ್ ಅನ್ನು ಒಂದು ಮಹಾಕಾವ್ಯವಾಗಿ ಓದುತ್ತಾನೆ. ಸವಾರನಿಗೆ ಒಮ್ಮೊಮ್ಮೆ ಬರುವ ವಿವರಿಸಲಾಗದ ಆವೇಶವನ್ನು ದೈವದ ಸ್ಪರ್ಶವೆಂದೂ, ಮದ್ದನ್ನು ಆ ದೈವದಿಂದ ಕದ್ದ ಕಿಡಿಯೆಂದೂ ನೋಡುತ್ತಾನೆ. ಚೆಂದದ ಓದು. ಆದರೆ ಹತ್ತು ವರ್ಷದ ನಂತರ, 1967ರ ಜುಲೈ 13ರಂದು, ಮೋಂ ವಾಂತು ಬೆಟ್ಟದ ಬೋಳು ಇಳಿಜಾರಿನಲ್ಲಿ ಟಾಮ್ ಸಿಂಪ್ಸನ್ ಎಂಬ ಇಂಗ್ಲಿಷ್ ಸವಾರ ಸೈಕಲ್ಲಿನಿಂದ ಬಿದ್ದು ಸತ್ತ. ದೇಹದಲ್ಲಿ ಆಂಫೆಟಮಿನ್ ಸಿಕ್ಕಿತು. ಪುರಾಣದ ಭಾಷೆಗೆ ಅಲ್ಲಿ ಕೆಲಸವಿರಲಿಲ್ಲ.

ಈಗ ಪರೀಕ್ಷೆಯ ಮಾತಿಗೆ ಬರೋಣ, ಏಕೆಂದರೆ 'ಸಿಕ್ಕಿಬಿದ್ದಿಲ್ಲವಲ್ಲ' ಎಂಬ ವಾದ ಪೂರ್ತಿ ಅದರ ಮೇಲೇ ನಿಂತಿದೆ.

ಈಪಿಒ ನಮ್ಮ ಮೂತ್ರಪಿಂಡಗಳು ತಾವಾಗಿ ತಯಾರಿಸುವ ಹಾರ್ಮೋನು. ಕೆಂಪು ರಕ್ತಕಣಗಳನ್ನು ಹೆಚ್ಚಿಸು ಎಂದು ಅದು ಮೂಳೆಮಜ್ಜೆಗೆ ಹೇಳುತ್ತದೆ. ಮೂತ್ರಪಿಂಡ ಕೆಟ್ಟ ರೋಗಿಗಳಿಗಾಗಿ ತಯಾರಾದ ಕೃತಕ ಈಪಿಒ 1990ರ ದಶಕದಲ್ಲಿ ಸೈಕಲ್ ತಂಡಗಳ ಫ್ರಿಜ್ಜುಗಳಿಗೆ ಬಂತು. ಕಣ ಹೆಚ್ಚಿದರೆ ಸ್ನಾಯುವಿಗೆ ಆಮ್ಲಜನಕ ಹೆಚ್ಚು. ರಕ್ತ ಮಂದವಾಗಿ ಹೃದಯ ನಿಲ್ಲುವ ಭಯವೂ ಹೆಚ್ಚು. ಅದನ್ನು ಪತ್ತೆಹಚ್ಚುವ ಪರೀಕ್ಷೆಯೇ ಇರಲಿಲ್ಲವಾದ್ದರಿಂದ, ಸೈಕಲ್ ಕ್ರೀಡೆಯ ಜಾಗತಿಕ ಸಂಸ್ಥೆ ಯುಸಿಐ 1997ರಲ್ಲಿ ಒಂದು ಗೆರೆ ಎಳೆಯಿತು: ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡ 50 ದಾಟಿದರೆ ಓಡುವಂತಿಲ್ಲ. ಸಹಜವಾಗಿ 42 ಇರುವವನು ಮದ್ದು ಹಾಕಿಕೊಂಡು 49ಕ್ಕೆ ಏರಿದರೆ? ತೊಂದರೆಯಿಲ್ಲ, ಅವನು ಉತ್ತೀರ್ಣ. ಹುಟ್ಟಿನಿಂದಲೇ 48 ಇದ್ದವನಿಗೆ ಆ ಲಾಭವೂ ಇಲ್ಲ. ಕಳ್ಳತನಕ್ಕೆ ಮಿತಿ ನಿಗದಿ ಮಾಡಿ, ಮಿತಿಯೊಳಗೆ ಕದ್ದವರಿಗೆ ಪ್ರಾಮಾಣಿಕತೆಯ ಪ್ರಮಾಣಪತ್ರ ಕೊಟ್ಟ ಹಾಗಾಯಿತು.

ದೊಡ್ಡ ಹಗರಣಗಳು ಹೊರಬಂದ ಬಗೆ ನೋಡಿ. 1998ರ ಜುಲೈ ತಿಂಗಳಲ್ಲಿ ಫೆಸ್ತಿನಾ ತಂಡದ ಮಾಲೀಶುಗಾರ ವಿಲ್ಲಿ ವೂತ್ ಓಡಿಸುತ್ತಿದ್ದ ಕಾರನ್ನು ಬೆಲ್ಜಿಯಂ-ಫ್ರಾನ್ಸ್ ಗಡಿಯಲ್ಲಿ ಸುಂಕದ ಅಧಿಕಾರಿಗಳು ತಡೆದರು. ಕಾರಿನ ತುಂಬ ಈಪಿಒ, ಬೆಳವಣಿಗೆಯ ಹಾರ್ಮೋನು. 2006ರಲ್ಲಿ ಸ್ಪೇನಿನ ಪೊಲೀಸರು ಮ್ಯಾಡ್ರಿಡ್‌ನ ವೈದ್ಯ ಎವುಫೆಮಿಯಾನೊ ಫುಯೆಂತೆಸ್‌ನ ಮೇಲೆ ದಾಳಿ ಮಾಡಿ, ಗುಪ್ತನಾಮ ಬರೆದ ರಕ್ತದ ಚೀಲಗಳನ್ನು ಹೊರತೆಗೆದರು. 2019ರಲ್ಲಿ ಯೊಹಾನೆಸ್ ದ್ಯೂರ್ ಎಂಬ ಆಸ್ಟ್ರಿಯಾದ ಸ್ಕೀ ಆಟಗಾರ ಜರ್ಮನ್ ಟೀವಿಯಲ್ಲಿ ಬಾಯಿಬಿಟ್ಟ; ಅದರ ಜಾಡು ಹಿಡಿದ ಪೊಲೀಸರು ಎರ್ಫುರ್ಟ್ ಊರಿನ ವೈದ್ಯ ಮಾರ್ಕ್ ಶ್ಮಿಟ್‌ನ ರಕ್ತದ ವ್ಯಾಪಾರವನ್ನು ಬಯಲಿಗೆಳೆದರು. ಟೂರ್ ಮಟ್ಟದ ಸೈಕಲ್ ಸವಾರರೂ ಅದರಲ್ಲಿದ್ದರು. ಪರೀಕ್ಷೆಯಿಂದ ಯಾರೂ ಸಿಕ್ಕಿಯೇ ಇಲ್ಲ ಎನ್ನುತ್ತಿಲ್ಲ. 2006ರಲ್ಲಿ ಫ್ಲಾಯ್ಡ್ ಲ್ಯಾಂಡಿಸ್, 2008ರಲ್ಲಿ ರಿಕ್ಕಾರ್ದೊ ರಿಕ್ಕೊ ಸಿಕ್ಕಿದ್ದು ಹಾಗೆಯೇ. ಪರೀಕ್ಷೆ ಒಬ್ಬೊಬ್ಬ ಸವಾರನನ್ನು ಹಿಡಿಯುತ್ತದೆ. ಅವನ ಹಿಂದಿನ ವೈದ್ಯ, ಚಾಲಕ, ಹಣ ಕೊಡುವವನು, ಕಣ್ಣು ಮುಚ್ಚಿಕೊಂಡ ವ್ಯವಸ್ಥಾಪಕ, ಇವರೆಲ್ಲ ಹೊರಬಂದದ್ದು ಯಾರೋ ಮಾತಾಡಿದಾಗ, ಇಲ್ಲವೇ ಪೊಲೀಸರು ಬಾಗಿಲು ಒಡೆದಾಗ.

ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಇದಕ್ಕೆಲ್ಲ ದೊಡ್ಡ ಉದಾಹರಣೆ. ಕನ್ನಡದ ಓದುಗರಿಗೂ ಅವನು ಅಪರಿಚಿತನಲ್ಲ. ಕ್ಯಾನ್ಸರ್ ಗೆದ್ದು ಬಂದ ಅವನ ಆತ್ಮಕಥೆಯ ಪ್ರತಿಯನ್ನು ನಾನು ಓದಿದ್ದು ಬೆಂಗಳೂರಿನ ಹಳೆಪುಸ್ತಕದ ರಾಶಿಯಿಂದ ಕೊಂಡು. ಅವನ ಹಳದಿ ರಬ್ಬರ್ ಪಟ್ಟಿ ಒಂದು ಕಾಲಕ್ಕೆ ನಮ್ಮ ಕಾಲೇಜು ಹುಡುಗರ ಕೈಮೇಲೂ ಇತ್ತು. 1999ರಿಂದ 2005ರವರೆಗೆ ಸತತ ಏಳು ಟೂರ್ ಗೆದ್ದವನ ಉತ್ತರ ಯಾವಾಗಲೂ ಒಂದೇ: ಇಷ್ಟು ಪರೀಕ್ಷೆ ಕೊಟ್ಟಿದ್ದೇನೆ, ಎಲ್ಲಿ ಸಿಕ್ಕಿದ್ದೇನೆ? 2005ರಲ್ಲಿ ಪ್ಯಾರಿಸಿನ ವೇದಿಕೆಯ ಮೇಲೆ ನಿಂತು, ಪವಾಡಗಳನ್ನು ನಂಬಲಾರದ ಸಿನಿಕರ ಬಗ್ಗೆ ಮರುಕವನ್ನೂ ಪಟ್ಟ. 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಅವನ ಏಳು ಪ್ರಶಸ್ತಿಗಳನ್ನು ಕಿತ್ತುಕೊಂಡಿತು. ಆ ತೀರ್ಪಿನ ತಳಹದಿ 26 ಜನರ ಹೇಳಿಕೆ. ಅವರಲ್ಲಿ 11 ಮಂದಿ ಅವನ ತಂಡದಲ್ಲೇ ಓಡಿದವರು. ಅಂದರೆ, ಜಂತೆ ಎಣಿಸಿದವರು. ಆಮೇಲೆ ಕ್ಯಾಲಿಫೋರ್ನಿಯಾದ ಕೆಲವು ಓದುಗರು ಅವನ ಆತ್ಮಕಥೆಯನ್ನು ಸತ್ಯಕಥೆಯೆಂದು ಮಾರಿದ್ದು ಮೋಸವೆಂದು ಮೊಕದ್ದಮೆ ಹೂಡಿದರು. ನ್ಯಾಯಾಲಯ ವಾಕ್‌ಸ್ವಾತಂತ್ರ್ಯದ ನೆಲೆಯಲ್ಲಿ ಅದನ್ನು ವಜಾ ಮಾಡಿತು. ಆತ್ಮಕಥೆಯ ಸತ್ಯದ ಬಗ್ಗೆ ಸೆಮಿನಾರು ಮಾಡುವ ನಮ್ಮ ವಿಭಾಗಗಳು ಈ ಮೊಕದ್ದಮೆಯನ್ನು ಯಾಕೆ ಓದಿಸುವುದಿಲ್ಲವೋ.

ಆದರೆ 1999ರಿಂದ 2012ರವರೆಗಿನ ಹದಿಮೂರು ವರ್ಷ ಏನಾಗಿತ್ತು? ಅನುಮಾನ ಆಗಲೇ ಬಾಯಿಬಿಟ್ಟಿತ್ತು. ಅದನ್ನು ಆಡಿದವರ ಗತಿ ನೋಡಿದರೆ, ಪುರಾವೆಯಿಲ್ಲದೆ ಮಾತಾಡಬೇಡಿ ಎಂಬ ಸಲಹೆಯ ನಿಜವಾದ ಮುಖ ಕಾಣುತ್ತದೆ.

ಕ್ರಿಸ್ತೋಫ್ ಬಸ್ಸೋನ್ಸ್ ಫೆಸ್ತಿನಾ ತಂಡದವನು. ಕಾರು ಸಿಕ್ಕಿಬಿದ್ದ ಮೇಲೆ ಪೊಲೀಸರ ಮುಂದೆ ಅವನ ಜೊತೆಗಾರರೇ ಹೇಳಿದರು, ಇವನೊಬ್ಬ ಮದ್ದು ಮುಟ್ಟಲಿಲ್ಲ ಎಂದು. 1999ರ ಟೂರ್‌ನಲ್ಲಿ ಬೇರೆ ತಂಡದಲ್ಲಿ ಓಡುತ್ತಾ, ಲ ಪಾರಿಸಿಯಾಂ ಪತ್ರಿಕೆಗೆ ಅಂಕಣ ಬರೆಯುತ್ತಿದ್ದ. ಹಗರಣದ ಮರುವರ್ಷವೇ ಓಟ ಇಷ್ಟು ವೇಗವಾಗಿರುವುದು ಹೇಗೆ ಎಂಬುದು ಅವನ ಅಚ್ಚರಿ. ಹೆಸರು ಹಿಡಿದು ಯಾರನ್ನೂ ಕಳ್ಳನೆನ್ನಲಿಲ್ಲ. ಆಲ್ಪ್ ದುಯೆಜ್ ಹಂತದ ದಿನ ಹಳದಿ ಅಂಗಿಯ ಆರ್ಮ್‌ಸ್ಟ್ರಾಂಗ್ ಅವನ ಪಕ್ಕಕ್ಕೆ ಬಂದು, ನಿನ್ನ ಮಾತಿನಿಂದ ಸೈಕಲ್ ಕ್ರೀಡೆಗೆ ಕೆಡುಕಾಗುತ್ತಿದೆ, ಬಿಟ್ಟು ಹೋಗುವುದು ಒಳ್ಳೆಯದು ಎಂದ. ಬೇರೆ ಸವಾರರು ಮಾತು ಬಿಟ್ಟರು. ಸ್ವಂತ ತಂಡವೂ ಕೈಬಿಟ್ಟಿತು. ಕೆಲವೇ ದಿನಗಳಲ್ಲಿ ಅವನು ಓಟ ಬಿಟ್ಟ. 2001ರಲ್ಲಿ ವೃತ್ತಿಯನ್ನೇ ಬಿಟ್ಟ. ಆಗ ಅವನಿಗೆ ಹೆಚ್ಚುಕಡಿಮೆ ಈಗ ನನಗಿರುವಷ್ಟೇ ವಯಸ್ಸು.

ಫಿಲಿಪ್ಪೊ ಸಿಮೆಯೋನಿಯ ಕಥೆಯನ್ನು ಜಗತ್ತೇ ನೇರಪ್ರಸಾರದಲ್ಲಿ ನೋಡಿತು. ಆರ್ಮ್‌ಸ್ಟ್ರಾಂಗ್‌ನ ವೈದ್ಯ ಮಿಕೆಲೆ ಫೆರಾರಿಯ ವಿರುದ್ಧ ಇಟಲಿಯ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ್ದವನು ಸಿಮೆಯೋನಿ. 2004ರ ಟೂರ್‌ನ 18ನೆಯ ಹಂತದಲ್ಲಿ ಅವನು ಗುಂಪು ಬಿಟ್ಟು ಮುಂದಿನ ಕೆಲವರನ್ನು ಸೇರಿಕೊಳ್ಳಲು ಹೊರಟಾಗ, ಟೂರ್ ಗೆದ್ದೇಬಿಟ್ಟಿದ್ದ ಆರ್ಮ್‌ಸ್ಟ್ರಾಂಗ್ ಖುದ್ದಾಗಿ ಅವನ ಬೆನ್ನುಹತ್ತಿದ. ಸಿಮೆಯೋನಿ ಇರುವವರೆಗೆ ಹಿಂದಿನ ಗುಂಪು ಯಾರನ್ನೂ ಹೋಗಗೊಡುವುದಿಲ್ಲ ಎಂಬುದು ಸ್ಪಷ್ಟವಾಯಿತು. ಮುಂದಿದ್ದವರ ಹೊಟ್ಟೆಪಾಡಿಗೆ ಅಡ್ಡಬರಬಾರದೆಂದು ಸಿಮೆಯೋನಿ ಹಿಂದೆ ಬಂದ. ಆರ್ಮ್‌ಸ್ಟ್ರಾಂಗ್ ಕ್ಯಾಮೆರಾದ ಕಡೆ ತಿರುಗಿ ತುಟಿಗೆ ಜಿಪ್ ಎಳೆಯುವ ಸನ್ನೆ ಮಾಡಿದ. ಹಿಂದಿನ ಗುಂಪಿನಲ್ಲಿ ಸಿಮೆಯೋನಿಗೆ ಸಿಕ್ಕಿದ್ದು ಬೈಗುಳ. ತಂಡದ ಮಾಲೀಶುಗಾರ್ತಿ ಎಮ್ಮಾ ಓರೈಲಿ ಇನ್ನೊಂದು ಸಂಗತಿ ಹೇಳಿದ್ದಳು: 1999ರಲ್ಲಿ ಕಾರ್ಟಿಸೋನ್ ಸಿಕ್ಕಿಬಿದ್ದಾಗ ಹಿಂದಿನ ತಾರೀಖು ಹಾಕಿ ಮುಲಾಮಿನ ಚೀಟಿ ಬರೆಸಿದ್ದರು ಎಂದು. ಆಕೆಯ ಮೇಲೆ ಮೊಕದ್ದಮೆ, ಚಾರಿತ್ರ್ಯಹರಣ. ಅದನ್ನು ಪ್ರಕಟಿಸಿದ ಡೇವಿಡ್ ವಾಲ್ಷ್‌ನ ಲಂಡನ್ ಪತ್ರಿಕೆ ಮಾನನಷ್ಟಕ್ಕೆ ಹಣ ಕಟ್ಟಿತು.

ಇವರೆಲ್ಲರಿಗೂ ಹೇಳಿದ್ದು ಅದೇ: ಪುರಾವೆ ತೋರಿಸಿ, ಇಲ್ಲವೇ ಸುಮ್ಮನಿರಿ. ಪುರಾವೆ ಯಾರ ಫ್ರಿಜ್ಜಿನಲ್ಲಿತ್ತೋ ಅವರೇ ಕೇಳುತ್ತಿದ್ದ ಪುರಾವೆ ಅದು.

ಇನ್ನು ಮೊದಲ ಪಾಳೆಯದವರು, ಗಡಿಯಾರದ ಪತ್ತೇದಾರರು. ಟೀವಿ ನೋಡಿ ಸಮಯ ಗುರುತು ಹಾಕಿಕೊಂಡು, ಸವಾರನ ತೂಕ ಊಹಿಸಿ, ಗಾಳಿ ಊಹಿಸಿ, ಕಿಲೊ ತೂಕಕ್ಕೆ ಇಷ್ಟು ವಾಟ್ ಶಕ್ತಿ ಎಂದು ಲೆಕ್ಕ ತೆಗೆದು, ಮನುಷ್ಯನಿಗೆ ಇದು ಅಸಾಧ್ಯ ಎಂದು ತೀರ್ಪು ಕೊಡುತ್ತಾರೆ. ಮನುಷ್ಯನಿಗೆ ಏನು ಸಾಧ್ಯವೆಂಬ ಗೆರೆಯನ್ನು ಎಳೆದವರು ಯಾರು? ಗಂಟೆಗೆ ಎಷ್ಟು ಮೀಟರು ಎತ್ತರ ಏರಿದ ಎಂಬ ಅಳತೆಯನ್ನು ಚಾಲ್ತಿಗೆ ತಂದವನು ಇದೇ ಡಾಕ್ಟರ್ ಫೆರಾರಿ. ಕಳ್ಳನ ತಕ್ಕಡಿಯಲ್ಲೇ ಈಗ ನ್ಯಾಯ ತೂಗುತ್ತಿದ್ದೇವೆ, ತಮಾಷೆಯಲ್ಲವೇ? ಅದೂ ಅಲ್ಲದೆ 1998ರ ಸೈಕಲ್ಲು, ಟೈರು, ಬಟ್ಟೆ ಇಂದಿನವಲ್ಲ. ಇವತ್ತು ಸವಾರರು ಗಂಟೆಗೆ ನೂರು, ನೂರಿಪ್ಪತ್ತು ಗ್ರಾಂ ಸಕ್ಕರೆಯಂಶ ಅರಗಿಸಿಕೊಳ್ಳಲು ಹೊಟ್ಟೆಗೇ ತಾಲೀಮು ಕೊಡುತ್ತಾರೆ. ಎತ್ತರದ ಬೆಟ್ಟಗಳ ಮೇಲೆ ವಾರಗಟ್ಟಲೆ ಇರುತ್ತಾರೆ. ಇವೆಲ್ಲ ಸೇರಿ ಮೂರು ನಿಮಿಷವಾದೀತೇ? ಆಗಬಹುದು. ಗಡಿಯಾರ ಇಷ್ಟನ್ನು ಮಾತ್ರ ಹೇಳಬಲ್ಲದು: ಇಲ್ಲಿ ವಿವರಣೆ ಬೇಕು. ಅಪರಾಧಿಯ ಹೆಸರು ಅದರ ಮುಳ್ಳಿನಲ್ಲಿಲ್ಲ.

ಈ ಪತ್ತೇದಾರಿಕೆ ರಸ್ತೆಗಿಳಿದರೆ ಏನಾಗುತ್ತದೆಂದು 2015ರಲ್ಲಿ ಕಂಡೆವು. ಕ್ರಿಸ್ ಫ್ರೂಮ್ ಓಡುತ್ತಿದ್ದಾಗ ರಸ್ತೆಬದಿಯಲ್ಲಿ ನಿಂತಿದ್ದವನೊಬ್ಬ ಮದ್ದುಕೋರ ಎಂದು ಕೂಗಿ ಮುಖಕ್ಕೆ ಉಚ್ಚೆ ಎರಚಿದ. ಅದು ಅನುಮಾನವಲ್ಲ, ಪುಂಡಾಟ. ಆದರೆ ಫ್ರೂಮ್‌ನ ತಂಡ ಟೀಮ್ ಸ್ಕೈಯನ್ನು ಕಣ್ಣುಮುಚ್ಚಿ ನಂಬಿದವರಿಗೂ ಮುಂದೆ ನಾಚಿಕೆಪಡುವ ಸರದಿ ಬಂತು. ಸಣ್ಣಸಣ್ಣ ಲಾಭಗಳ ಲೆಕ್ಕವಿಡುತ್ತೇವೆಂದು ಸವಾರರ ದಿಂಬು ಹಾಸಿಗೆಗಳನ್ನೂ ಹೋಟೆಲಿನಿಂದ ಹೋಟೆಲಿಗೆ ಹೊತ್ತೊಯ್ಯುತ್ತಿದ್ದ ತಂಡ ಅದು. 2011ರಲ್ಲಿ ಬ್ರಾಡ್ಲಿ ವಿಗ್ಗಿನ್ಸ್‌ಗಾಗಿ ಫ್ರಾನ್ಸಿಗೆ ಕಳಿಸಿದ ಪೊಟ್ಟಣವೊಂದರಲ್ಲಿ ಯಾವ ಔಷಧಿಯಿತ್ತು ಎಂದು ಕೇಳಿದಾಗ ಆ ತಂಡದ ಬಳಿ ದಾಖಲೆ ಇರಲಿಲ್ಲ. ವೈದ್ಯರ ಲ್ಯಾಪ್‌ಟಾಪ್ ಗ್ರೀಸ್‌ನಲ್ಲಿ ಕಳುವಾಗಿತ್ತಂತೆ! ಅದೇ ವೈದ್ಯ ರಿಚರ್ಡ್ ಫ್ರೀಮನ್ 2011ರಲ್ಲಿ ಟೆಸ್ಟೋಸ್ಟೆರೋನ್ ಜೆಲ್ ತರಿಸಿದ್ದು ಒಬ್ಬ ಕ್ರೀಡಾಪಟುವಿಗೆಂದು ತಿಳಿದೋ ನಂಬಿಯೋ ಎಂದು 2021ರಲ್ಲಿ ಬ್ರಿಟನ್ನಿನ ವೈದ್ಯಕೀಯ ನ್ಯಾಯಮಂಡಳಿ ತೀರ್ಮಾನಿಸಿತು. ಆ ಕ್ರೀಡಾಪಟು ಯಾರೆಂಬುದು ಹೊರಬರಲೇ ಇಲ್ಲ. ಫ್ರೂಮ್ ಮೇಲೆ ಯಾವ ತಪ್ಪೂ ಸಾಬೀತಾಗಿಲ್ಲ. ಉಚ್ಚೆ ಎರಚಿದವನಿಗೂ ಚಪ್ಪಾಳೆ ತಟ್ಟಿದವನಿಗೂ ಕಾಣದೇ ಹೋದದ್ದು ಆ ಖಾಲಿ ಕಡತ.

ಪೊಗಾಚಾರ್ ವಿಷಯದಲ್ಲಿ ನನ್ನ ನಿಲುವೂ ಇಷ್ಟೇ. ಅವನು ಮದ್ದು ತೆಗೆದುಕೊಂಡಿದ್ದಾನೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಯಾವ ಆಧಾರವೂ ಇಲ್ಲ. ಆದರೆ ಮನೆಯ ಜಂತೆಗಳು ಕಾಣುತ್ತವೆ. 2008ರಲ್ಲಿ ರಿಕ್ಕೊ ಸಿಕ್ಕಿಬಿದ್ದಾಗ ಅವನ ತಂಡದ ವ್ಯವಸ್ಥಾಪಕನಾಗಿದ್ದ ಮೌರೊ ಜಿಯಾನೆತ್ತಿಯೇ 2024ರಲ್ಲಿ ಪೊಗಾಚಾರ್ ಗೆದ್ದ ತಂಡದ ಮುಖ್ಯಸ್ಥ. ಅವನ ಮೇಲೂ ಏನೂ ಸಾಬೀತಾಗಿಲ್ಲ. ಅದೇ ಜುಲೈನಲ್ಲಿ ಪೊಗಾಚಾರ್ ತಂಡವೂ ಅವನ ಎದುರಾಳಿ ಯೋನಾಸ್ ವಿಂಗೆಗೋರ್ ತಂಡವೂ ಸೇರಿ ಮೂರು ತಂಡಗಳು ಕಾರ್ಬನ್ ಮೊನಾಕ್ಸೈಡ್ ಉಸಿರಾಡುವ ಯಂತ್ರ ಬಳಸುತ್ತಿವೆ ಎಂಬುದು ಬಯಲಾಯಿತು. ಆ ವಿಷಾನಿಲವನ್ನು ಅಳತೆ ಮಾಡಿ ಕೊಂಚ ಉಸಿರಾಡಿದರೆ ದೇಹದಲ್ಲಿರುವ ಒಟ್ಟು ಹಿಮೋಗ್ಲೋಬಿನ್ ಲೆಕ್ಕ ಸಿಗುತ್ತದೆ. ಮತ್ತೆ ಮತ್ತೆ ಉಸಿರಾಡಿದರೆ ದೇಹ ತಾನೇ ಈಪಿಒ ಹೆಚ್ಚಿಸಿಕೊಳ್ಳಬಹುದು. ಅಳತೆಗಷ್ಟೇ ಬಳಸುತ್ತೇವೆ ಎಂದವು ತಂಡಗಳು. ಆಗ ಅದು ನಿಷಿದ್ಧವಾಗಿರಲಿಲ್ಲ. ವೈದ್ಯಕೀಯ ಸಂಸ್ಥೆಗಳ ಹೊರಗೆ ಆ ಉಪಕರಣ ಇಟ್ಟುಕೊಳ್ಳುವುದನ್ನು ಯುಸಿಐ 2025ರ ಫೆಬ್ರುವರಿ 10ರಿಂದ ನಿಷೇಧಿಸಿತು. ಪತ್ರಕರ್ತರು ಅನುಮಾನದಿಂದ ಕೇಳಿರದಿದ್ದರೆ, ಅಂಥದ್ದೊಂದು ಯಂತ್ರವಿದೆ ಎಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ.

ನನ್ನ ಪಿಎಚ್‌.ಡಿ. ವಿಷಯ ಸೈಕಲ್ ಅಲ್ಲ. ಆದರೆ ಒಂದು ಅಧ್ಯಾಯ ಒಪ್ಪಿಸಿದಾಗ ಮಾರ್ಗದರ್ಶಕರು ಅಂಚಿನಲ್ಲಿ 'ಆಧಾರ ಎಲ್ಲಿ?' ಎಂದು ಬರೆಯುತ್ತಾರೆ. ನನ್ನನ್ನು ಕಳ್ಳನೆಂದರು ಎಂದು ನಾನು ಅಳುತ್ತಾ ಕೂರುವುದಿಲ್ಲ. ಟಿಪ್ಪಣಿ, ದಾಖಲೆ, ಧ್ವನಿಮುದ್ರಣ ತಂದು ಮೇಜಿನ ಮೇಲಿಡುತ್ತೇನೆ. ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡ ಕಡೆಯಲ್ಲೆಲ್ಲ ಹೀಗೆಯೇ ನಡೆಯುತ್ತದೆ. ಸೈಕಲ್ ತಂಡಗಳ ಬಳಿ ಪ್ರತಿ ಸವಾರನ ಪ್ರತಿ ಸೆಕೆಂಡಿನ ಶಕ್ತಿಯ ಲೆಕ್ಕವಿದೆ. ನಮಗೆ ಸಿಗುವುದು ಟೀವಿ ನೋಡಿ ಮಾಡಿದ ಊಹೆ. ನಿಜವಾದ ಲೆಕ್ಕವನ್ನು ಬಚ್ಚಿಟ್ಟು, ಊಹಿಸಬೇಡಿ ಎಂದು ಗದರಿದರೆ ಹೇಗೆ? ಮೂರು ವಾರದ ಓಟ ಮುಗಿದ ಮೇಲೆ ಆ ಅಂಕಿಗಳನ್ನು ಬಹಿರಂಗಪಡಿಸಲಿ. ಎದುರಾಳಿಗೆ ಗುಟ್ಟು ಸಿಗುತ್ತದೆ ಎನ್ನುವುದಾದರೆ ಒಂದು ವರ್ಷ ತಡವಾಗಿ ಕೊಡಲಿ. 2008ರಿಂದ ಕೂಡಿಸಿಟ್ಟ ರಕ್ತದ ದಾಖಲೆಗಳನ್ನು, ಜೈವಿಕ ಪಾಸ್‌ಪೋರ್ಟ್ ಎನ್ನುತ್ತಾರಲ್ಲ ಅದನ್ನು, ಹೆಸರು ಅಳಿಸಿ ಸ್ವತಂತ್ರ ವಿಜ್ಞಾನಿಗಳಿಗೆ ಕೊಡಲಿ. ರೋಗಿಯ ಖಾಸಗಿತನದ ಪ್ರಶ್ನೆ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ನಡುರಾತ್ರಿ ಬಾಗಿಲು ತಟ್ಟಿದರೂ ಮೂತ್ರ ಕೊಡಬೇಕೆಂದು, ಪ್ರತಿದಿನ ಎಲ್ಲಿರುತ್ತೇನೆಂದು ಮೊದಲೇ ತಿಳಿಸಬೇಕೆಂದು ಸವಾರನಿಗೆ ವಿಧಿಸುವಾಗ ನೆನಪಾಗದ ಖಾಸಗಿತನ, ತಂಡದ ವೈದ್ಯನ ಔಷಧಿ ಕಪಾಟಿನ ಮುಂದೆ ಮಾತ್ರ ನೆನಪಾಗುವುದು ಸೋಜಿಗ.

ಎಲ್ಲಕ್ಕಿಂತ ಮುಂಚೆ ಆಗಬೇಕಾದದ್ದು ಮಾತಾಡಿದವರಿಗೆ ರಕ್ಷಣೆ. ಇವತ್ತು ಇಪ್ಪತ್ತರ ಹರೆಯದ ಸವಾರನೊಬ್ಬ ತನ್ನ ತಂಡದಲ್ಲಿ ಏನೋ ಸರಿಯಿಲ್ಲವೆಂದು ಕಂಡರೆ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಮುಂದಿನ ವರ್ಷ ಯಾರು ಅವನಿಗೆ ಕೆಲಸ ಕೊಡುತ್ತಾರೆ? ಅವನು ಹುಡುಕಿಕೊಂಡು ಹೋದರೆ ಸಿಗುವ ಪೂರ್ವನಿದರ್ಶನ ಬಸ್ಸೋನ್ಸ್. ಓಟ ಬಿಟ್ಟ ಮೇಲೆ ಅವನು ಫ್ರಾನ್ಸಿನ ಕ್ರೀಡಾ ಇಲಾಖೆಯಲ್ಲಿ ಉದ್ದೀಪನ ಮದ್ದು ತಡೆಯುವ ಕೆಲಸಕ್ಕೆ ಸೇರಿದ. 2012ರಲ್ಲಿ ಹವ್ಯಾಸಕ್ಕೆಂದು ಗುಡ್ಡಗಾಡು ಸೈಕಲ್ ಸ್ಪರ್ಧೆಯೊಂದಕ್ಕೆ ಹೋಗಿದ್ದ. ಸುಸ್ತಾಗಿ ನಡುವೆಯೇ ಓಟ ಬಿಟ್ಟು ಮನೆಯ ಕಡೆ ಹೊರಟ. ಪರೀಕ್ಷೆಗೆ ಕರೆ ಬಂದಾಗ ಹಿಂದಿರುಗಿ ಬರಲಾಗದಷ್ಟು ದೂರ ಹೋಗಿದ್ದ. ಪರೀಕ್ಷೆ ತಪ್ಪಿಸಿದ್ದಕ್ಕೆ ಫ್ರಾನ್ಸಿನ ಸೈಕಲ್ ಒಕ್ಕೂಟ ಅವನಿಗೆ ಒಂದು ವರ್ಷ ನಿಷೇಧ ಹಾಕಿತು. ಆರ್ಮ್‌ಸ್ಟ್ರಾಂಗ್ ವಿರುದ್ಧದ ಸಾವಿರ ಪುಟಗಳ ಕಡತ ಅಮೆರಿಕದಲ್ಲಿ ಹೊರಬಂದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬಸ್ಸೋನ್ಸ್‌ನ ಶಿಕ್ಷೆಯನ್ನು ಆಮೇಲೆ ಒಂದು ತಿಂಗಳಿಗೆ ಇಳಿಸಿದರು.